ಸೋತೋ ಎಂಬ ಸಾರು

ಡ್ರೈವರ್ ವ್ಯಾನಿನ ಹಿಂಬಾಗಿಲು ತೆರೆದಾಗಲೇ ನನಗೆ ವಿಷಯ ತಿಳಿಯಿತು. ಬೆಳಿಗ್ಗೆ ಹಿದ್‌ಗೆ ಕಳಿಸಿದ್ದ ಸೂಪಿನ ಡಬ್ಬಗಳನ್ನು ಇಳಿಸಲು ಅವನಿಗೆ ಎರಡೂ ಕೈ ಬೇಕಾದವು. ಖಾಲಿ ಡಬ್ಬವಾದರೆ ಒಂದೇ ಕೈಯಲ್ಲಿ ತೂಗಾಡಿಸಿಕೊಂಡು ಬರುವ ಆಸಾಮಿ ಅವನು.

"ಸೋತೋ?" ಎಂದು ಒಳಗಿನಿಂದ ನಮ್ಮ ಹೆಡ್ ಕುಕ್ ಕೇಳಿದರು.

"ಸೋತೋ," ಎಂದೆ ನಾನು.

ಸೋತೋ ಎಂಬುದು ಇಂಡೋನೇಷ್ಯಾದವರ ಒಂದು ಸೂಪಿನ ಹೆಸರು. ಕೋಳಿಯನ್ನೋ ಮಾಂಸವನ್ನೋ ಮಸಾಲೆಯೊಂದಿಗೆ ಬೇಯಿಸಿ ತೆಗೆದ ತೆಳು ರಸ, ಊರಿಗೊಂದು ಬಗೆ. ಅಲ್ಲಿ ಅದು ಎಷ್ಟು ದೊಡ್ಡ ಊಟವೋ ಏನೋ, ಕನ್ನಡದ ಕಿವಿಗೆ ಮಾತ್ರ ಅದು ಸೋತ ಸುದ್ದಿ. ಮೊದಲ ದಿನ ಮೆನುವಿನಲ್ಲಿ ಆ ಹೆಸರು ಓದಿದಾಗ ಅಡುಗೆಮನೆಯಲ್ಲಿದ್ದ ನಮ್ಮೂರ ಕಡೆಯವರೆಲ್ಲ ನಕ್ಕಿದ್ದೆವು. ಡಬ್ಬಗಳು ತುಂಬಿದಂತೆಯೇ ತಿರುಗಿ ಬರತೊಡಗಿದ ಮೇಲೆ ನಗು ನಿಂತಿತು, ಪ್ರಶ್ನೆ ಮಾತ್ರ ಉಳಿಯಿತು.

ನಮ್ಮದು ಗಲ್ಫಿನಲ್ಲಿ, ಮನಾಮಾ ಪಕ್ಕದ ಟುಬ್ಲಿಯಲ್ಲಿ, ಎರಡು ಗ್ಯಾರೇಜುಗಳ ನಡುವೆ ಸಿಕ್ಕಿಹಾಕಿಕೊಂಡಿರುವ ಕೇಟರಿಂಗ್ ಅಡುಗೆಮನೆ. ಒಂದು ಬದಿಯಲ್ಲಿ ಕಾರಿನ ತಗಡು ಬಡಿಯುವ ಸದ್ದು, ಇನ್ನೊಂದು ಬದಿಯಲ್ಲಿ ಪೇಂಟಿನ ವಾಸನೆ, ನಡುವೆ ನಾವು ಕಾರ್ಮಿಕರ ಕ್ಯಾಂಪುಗಳಿಗೆ ಊಟ ಬೇಯಿಸುತ್ತೇವೆ. ನಾನು ಅಲ್ಲಿನ ಕಿಚನ್ ಇನ್‌ಚಾರ್ಜ್. ಊರು ಕಿನ್ನಿಗೋಳಿ ಕಡೆ. ಮನೆಯಲ್ಲಿ ಕೊಂಕಣಿ, ಕೆಲಸದಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್, ಸಿಟ್ಟು ಬಂದರೆ ತುಳು. ಆ ದಿನಗಳಲ್ಲಿ ತುಳು ಸ್ವಲ್ಪ ಹೆಚ್ಚೇ ಖರ್ಚಾಯಿತು.

ಹಿದ್‌ನ ಹಡಗು ರಿಪೇರಿ ಯಾರ್ಡೊಂದಕ್ಕೆ ಇಂಡೋನೇಷ್ಯಾದಿಂದ ವೆಲ್ಡರುಗಳೂ ಪೈಪ್ ಫಿಟ್ಟರುಗಳೂ ಬಂದಿದ್ದರು. ಅವರ ಮಧ್ಯಾಹ್ನದ ಊಟದ ಕಾಂಟ್ರಾಕ್ಟ್ ನಮಗೆ ಪರೀಕ್ಷಾರ್ಥ ಸಿಕ್ಕಿತ್ತು. ಯಾರ್ಡಿನ ಅಧಿಕಾರಿ ಒಂದು ದಿನ ಬಂದು ಮೆಸ್ಸಿನಲ್ಲಿ ಉಂಡು ನೋಡಿ, ಖಾಯಂ ಮಾಡುವುದೋ ಬಿಡುವುದೋ ತೀರ್ಮಾನಿಸುವವರಿದ್ದರು. ನಮ್ಮ ಆಫೀಸಿನ ಆಪರೇಷನ್ಸ್ ಮ್ಯಾನೇಜರ್ ಅಷ್ಟರಲ್ಲೇ ಒಂದು ಮಾತು ಹೇಳಿಬಿಟ್ಟಿದ್ದರು: ಹಿದ್ ಕಾಂಟ್ರಾಕ್ಟ್ ಉಳಿದರೆ ಹೆಡ್ ಕುಕ್‌ರ ವೀಸಾ ನವೀಕರಣ, ಇಲ್ಲದಿದ್ದರೆ ಒಬ್ಬ ಕುಕ್ ಹೆಚ್ಚಾಗುತ್ತಾರೆ. ಹೆಚ್ಚಾಗುವ ಆ ಒಬ್ಬರು ಯಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ವೀಸಾ ಮುಗಿಯಲಿಕ್ಕೆ ಬಂದಿದ್ದುದು ಅವರೊಬ್ಬರದೇ.

ಹೆಡ್ ಕುಕ್ ಬೈಂದೂರು ಕಡೆಯವರು. ನನಗಿಂತ ವಯಸ್ಸಿನಲ್ಲಿ ಬಹಳ ಹಿರಿಯರು. ನನ್ನನ್ನು ಬಾಯಮ್ಮ ಎಂದು ಕರೆಯುತ್ತಾರೆ, ನಮ್ಮ ಊರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ. ಅವರ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಓದು ಇನ್ನೂ ಮುಗಿದಿರಲಿಲ್ಲ. ಈ ವಿಷಯ ಅವರು ಎತ್ತಲೇ ಇಲ್ಲ. ದಿನವೂ ವ್ಯಾನ್ ಬಂದಾಗ "ಸೋತೋ?" ಎಂದಷ್ಟೇ ಕೇಳುತ್ತಿದ್ದರು. ಅದರಲ್ಲಿ ತಮಾಷೆ ಅರ್ಧ, ವೀಸಾ ಅರ್ಧ. ಆ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕೆಲಸಗಳಲ್ಲೆಲ್ಲ ಕೆಟ್ಟ ಕೆಲಸವಾಗಿತ್ತು.

ಕಾಂಟ್ರಾಕ್ಟಿನ ಕಾಗದದಲ್ಲಿ ಇದ್ದದ್ದು ಇಷ್ಟೇ: ದಿನವೂ ಒಂದು ಇಂಡೋನೇಷ್ಯನ್ ಸೂಪ್. ಸೂಪ್ ಎಂದರೆ ನಮ್ಮ ಅಡುಗೆಮನೆಯಲ್ಲಿ ಒಂದು ಪದ್ಧತಿ ಉಂಟು. ತಲೆಗೊಂದು ಕಾಗದದ ಕಪ್ಪು, ಊಟಕ್ಕೆ ಮೊದಲು. ಅದೇ ಲೆಕ್ಕದಲ್ಲಿ ಮಾಡಿದೆವು. ಕೋಳಿಯ ಎಲುಬು ಹಾಕಿ ಬೆಳಗಿನಿಂದ ಸಣ್ಣ ಉರಿಯಲ್ಲಿ ರಸ ತೆಗೆದೆವು, ಮೇಲಿನ ನೊರೆ ತೆಗೆದು ತಿಳಿಯಾಗಿಸಿದೆವು. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಅರಶಿನ, ಕೊತ್ತಂಬರಿ, ಬಿಳಿ ಕಾಳುಮೆಣಸು ನುಣ್ಣಗೆ ಅರೆದು ಎಣ್ಣೆ ಬಿಡುವ ತನಕ ಹುರಿದು ಆ ರಸಕ್ಕೆ ಸೇರಿಸಿದೆವು. ಅವರು ಹಾಕುವ ಕೆಮಿರಿ ಎಂಬ ಎಣ್ಣೆಬೀಜ ಸಿಗಲಿಲ್ಲ, ಗೇರುಬೀಜ ಹಾಕಿದೆವು. ನಿಂಬೆಯ ಪರಿಮಳದ ಮಜ್ಜಿಗೆ ಹುಲ್ಲು ಸಿಕ್ಕಿತು. ಸಲಾಮ್ ಎಂಬ ಎಲೆ ಬೇಕಾಗಿತ್ತು. ಮನಾಮಾದ ಅಂಗಡಿಯಲ್ಲಿ "ಸಲಾಮ್ ಹೈ ಕ್ಯಾ" ಎಂದು ಹಿಂದಿಯಲ್ಲಿ ಕೇಳಿದೆ. ಅಂಗಡಿಯವನು ಎದೆಗೆ ಕೈಯಿಟ್ಟು "ವಅಲೈಕುಂ ಸಲಾಂ" ಎಂದ. ಎಲೆ ಮಾತ್ರ ಇರಲಿಲ್ಲ.

ಸೋತೋಗೆ ತೆಳ್ಳನೆಯ ಗಾಜಿನಂಥ ಶಾವಿಗೆ ಹಾಕುತ್ತಾರೆ. ನಾವೂ ಹಾಕಿ ಮುಚ್ಚಳ ಬಿಗಿದು ಕಳಿಸಿದೆವು. ಟುಬ್ಲಿಯಿಂದ ಮೀನಾ ಸಲ್ಮಾನ್ ಬಂದರು ದಾಟಿ, ಸೇತುವೆ ಹಾದು ಹಿದ್ ಮುಟ್ಟುವ ಹೊತ್ತಿಗೆ ಶಾವಿಗೆ ಡಬ್ಬದ ರಸವನ್ನೆಲ್ಲ ಕುಡಿದು ಕೂತಿತ್ತು. ತಿರುಗಿ ಬಂದ ಡಬ್ಬದ ಮುಚ್ಚಳ ತೆರೆದರೆ ಹಳದಿ ಮುದ್ದೆ. ಚಮಚ ನೆಟ್ಟಗೆ ನಿಂತಿತು. ಮರುದಿನ ಶಾವಿಗೆ ಬೇರೆ ಕಟ್ಟಿ ಕಳಿಸಿದೆ. ರಸ ರಸವಾಗಿಯೇ ಮುಟ್ಟಿತು, ಆದರೂ ಡಬ್ಬ ತುಂಬಿಯೇ ಬಂತು. ಅದರ ಮೇಲೆ ದೂರು ಬೇರೆ: ಸೂಪ್ ಸಾಕಾಗುವುದಿಲ್ಲ! ತುಂಬಿದ ಡಬ್ಬ ಹಾಗೇ ಬಿಟ್ಟವರೇ ಸಾಕಾಗುವುದಿಲ್ಲ ಎಂದರೆ ಯಾರಿಗೆ ತಲೆ ಕೆಡುವುದಿಲ್ಲ?

"ಇದೆಂತ ಹುಚ್ಚು? ಬೇಡ ಅಂತ ಬಿಡ್ತಾರೆ, ಮತ್ತೆ ಕಡಿಮೆಯಾಯ್ತು ಅಂತಾರೆ," ಎಂದು ಡ್ರೈವರನ ಮೇಲೆ ಹಾರಿದೆ.

ಅವನು ಉಳ್ಳಾಲದ ಬ್ಯಾರಿ ಹುಡುಗ, ಯಾರ ಸಿಟ್ಟನ್ನೂ ತನ್ನ ಮೇಲೆ ಎಳೆದುಕೊಳ್ಳುವವನಲ್ಲ. "ನಂಗೆ ಗೊತ್ತಿಲ್ಲ ಮೇಡಂ. ನಾಳೆ ನೀವೇ ಬನ್ನಿ. ಎದುರಿನ ಸೀಟು ಖಾಲಿ ಉಂಟು," ಎಂದ.

ಹೋದೆ. ಮೆಸ್ಸಿನ ಮೂಲೆಯಲ್ಲಿ ನಿಂತು ನೋಡಿದೆ. ಸಾಲಿನಲ್ಲಿ ಬಂದವನು ತಟ್ಟೆಗೆ ಅನ್ನ ಹಾಕಿಸಿಕೊಂಡ, ನಮ್ಮ ಸೂಪಿನ ಕಪ್ಪು ತೆಗೆದುಕೊಂಡ. ಬೆಂಚಿನ ಮೇಲೆ ಕೂತು ಚಮಚದ ಬೆನ್ನಿನಿಂದ ಅನ್ನದ ನಡುವೆ ಒಂದು ಗುಳಿ ಮಾಡಿದ. ಕಪ್ಪನ್ನು ಆ ಗುಳಿಗೆ ಬಗ್ಗಿಸಿದ. ರಸ ಅನ್ನದೊಳಗೆ ಇಂಗಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇನ್ನೊಂದು ಕಪ್ಪಿಗೆ ಎದ್ದು ಬಂದ, ತಲೆಗೊಂದೇ ಕಪ್ಪು ಎಂದು ಸಾಲಿನಲ್ಲಿ ನಿಂತವರು ಗದರಿಸಿದರು. ಅವನು ಒಣ ಅನ್ನವನ್ನು ಮೀನಿನ ತುಂಡಿನೊಂದಿಗೆ ನುಂಗಿ ಎದ್ದು ಹೋದ. ಇಷ್ಟು ಜಗಳ ಮಾಡಿ ಇಷ್ಟೇ ಇಷ್ಟು ಯಾಕೆ ತೆಗೆದುಕೊಳ್ಳಬೇಕೆಂದು ಬೇಸತ್ತ ಉಳಿದವರು ಕಪ್ಪು ಮುಟ್ಟಲೇ ಇಲ್ಲ.

ಅನ್ನದ ನಡುವಿನ ಆ ಗುಳಿ ನೋಡಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಸಾರಿಗೆ ಗುಳಿ ಮಾಡದೆ ಉಂಡವರು ನಮ್ಮಲ್ಲಿ ಯಾರಿದ್ದಾರೆ? ಇದು ಸೂಪ್ ಅಲ್ಲ, ಸಾರು. ಊಟಕ್ಕೆ ಮೊದಲು ಗುಟುಕರಿಸುವುದಲ್ಲ, ಊಟವೇ ಅದು. ಕಾಗದದಲ್ಲಿ ಯಾರೋ ಇಂಗ್ಲಿಷಿನಲ್ಲಿ ಸೂಪ್ ಎಂದು ಬರೆದರು, ನಾವು ಅದನ್ನು ನಂಬಿ ಕಪ್ಪು ಹಿಡಿದು ನಿಂತೆವು. ನಮ್ಮ ಸಾರನ್ನೂ ಇಂಗ್ಲಿಷಿನವರು ಸೂಪ್ ಎಂದೇ ಕರೆದು ಕಪ್ಪಿನಲ್ಲಿ ಕೊಡುತ್ತಾರೆ, ಅದನ್ನು ನೋಡಿ ನಗುವವರೂ ನಾವೇ.

ಟುಬ್ಲಿಗೆ ಬಂದವಳೇ ಹೆಡ್ ಕುಕ್‌ರ ಎದುರು ನಿಂತೆ. "ಅಣ್ಣಾ, ಕಪ್ಪೆಲ್ಲ ಒಳಗಿಡಿ. ಇದು ಸೂಪ್ ಅಲ್ಲ, ಸಾರು. ಅನ್ನಕ್ಕೆ ಹಾಕಿಕೊಂಡು ಉಣ್ಣುವ ಸಾರು. ಗೊತ್ತಾಯ್ತಾ?"

ಅವರ ಮುಖ ಅರಳಿತು. "ಇದನ್ ಮೊದ್ಲೇ ಹೇಳುಕಾಗ್ಲಿಲ್ಯಾ ಬಾಯಮ್ಮ? ಸೂಪ್ ಅಂದ್ರೆ ನಂಗೆ ಎಂತದೂ ಗೊತ್ತಿಲ್ಲೆ. ಸಾರ್ ಅಂದ್ರೆ ನಂಗ್ ಬಿಡಿ, ನಾ ಕಾಣ್ಕಂತೆ."

ಮರುದಿನ ದೊಡ್ಡ ಪಾತ್ರೆಯಲ್ಲಿ ರಸ ಇಟ್ಟರು. ಅಳತೆ ಹೇಳಿಕೊಡಬೇಕಾಗಲಿಲ್ಲ, ಅನ್ನಕ್ಕೆ ಎಷ್ಟು ಬೇಕೆಂದು ಅವರ ಕೈಗೇ ತಿಳಿದಿತ್ತು. ರುಚಿ ನೋಡಿದೆ, ತೆಳುವಾಗಿ, ಖಾರ ಹಿಂದೆ ನಿಂತು, ಮಜ್ಜಿಗೆ ಹುಲ್ಲಿನ ಪರಿಮಳ ಮುಂದೆ ಬರುವ ಹಾಗಿತ್ತು. ಇಂದು ಗೆದ್ದೆವು ಎಂದುಕೊಂಡು ತರಕಾರಿ ತರಲು ಸೆಂಟ್ರಲ್ ಮಾರ್ಕೆಟ್ಟಿಗೆ ಹೋದೆ. ನಿಂಬೆಹಣ್ಣಿನ ರಾಶಿಯ ಮುಂದೆ ನಿಂತಿದ್ದಾಗ ಫೋನ್ ಬಂತು. ಹಿದ್‌ನ ಇಂಡೋನೇಷ್ಯನ್ ಫೋರ್‌ಮನ್. ಅವರ ಇಂಗ್ಲಿಷಿನಲ್ಲಿ ಅರಬ್ಬಿ, ಹಿಂದಿ ಎಲ್ಲ ಸೇರಿರುತ್ತದೆ, ಅರ್ಥ ಮಾತ್ರ ಸ್ಪಷ್ಟ.

"ಮೇಡಂ, ಸೋತೋದ ಮೇಲೆ ಕಪ್ಪು ಕಪ್ಪು ಏನೋ ತೇಲುತ್ತಿದೆ. ನಮ್ಮ ಹುಡುಗರು ಹುಳ ಅಂತ ಹೇಳುತ್ತಿದ್ದಾರೆ. ಎಲೆ ಕೂಡ ಇದೆ."

ನಾನು ನಿಂತಲ್ಲೇ ಕಣ್ಣು ಮುಚ್ಚಿಕೊಂಡೆ. ಹುಳವಲ್ಲ, ಸಾಸಿವೆ. ಎಲೆ ಕರಿಬೇವು. ಹಿಂಗಿನ ವಾಸನೆ ಫೋನಿನಲ್ಲೇ ಬಂದಂತಾಯಿತು.

ತಿರುಗಿ ಬಂದು ಚೀಲ ಕೆಳಗಿಡದೆ ಕೇಳಿದೆ: "ಒಗ್ಗರಣೆ ಹಾಕಿದ್ರಾ?"

"ಹಾಕ್ದೆ."

"ಯಾರು ಹೇಳಿದ್ದು ನಿಮಗೆ?"

"ನೀವೇ ಸಾರ್ ಅಂದ್ರಿ ಅಲ್ದಾ? ಒಗ್ಗರಣಿ ಇಲ್ದಿದ್ ಸಾರ್ ಯಾರ್ ಉಂತ್ರ್ ಬಾಯಮ್ಮ? ಅದ್ ಜ್ವರ ಬಂದವ್ರಿಗೆ ಕೊಡುದ್."

"ಸಾರು ಅಂತ ಹೇಳಿದ್ದು ನಿಮಗೆ ಅರ್ಥ ಆಗ್ಲಿ ಅಂತ! ನಮ್ಮ ಸಾರು ಮಾಡಿ ಅಂತ ಹೇಳಿದ್ದಾ ನಾನು?"

"ಹಂಗಾರ್ ನೀವ್ ಎಂತ ಹೇಳಿದ್ದ್?"

ಪಕ್ಕದ ಗ್ಯಾರೇಜಿನ ಬಡಿತವೂ ನಿಲ್ಲುವಷ್ಟು ಜೋರಾಗಿ ಕೂಗಾಡಿದೆ. ಅವರು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಕೂತರು. ಸಂಜೆಯವರೆಗೆ ನನಗೆ ಸಿಕ್ಕಿದ್ದು "ಹೂಂ" ಎಂಬ ಒಂದೇ ಉತ್ತರ.

ಇನ್ನು ಅಂದಾಜಿನ ಮೇಲೆ ನಡೆಯುವುದಿಲ್ಲ, ತಿನ್ನುವವರನ್ನೇ ಕೇಳುವುದೆಂದು ಮತ್ತೆ ಹಿದ್‌ಗೆ ಹೋದೆ. ಊಟ ಮುಗಿದ ಮೇಲೆ ಫೋರ್‌ಮನ್‌ರನ್ನು ಕೂರಿಸಿಕೊಂಡೆ. ಅವರು ಪೂರ್ವ ಜಾವಾದ ಲಮೊಂಗಾನ್ ಎಂಬ ಊರಿನವರು. ಅವರ ಪ್ರಕಾರ ಜಗತ್ತಿನಲ್ಲಿ ನಿಜವಾದ ಸೋತೋ ಇರುವುದು ಅಲ್ಲಿ ಮಾತ್ರ.

"ಬಣ್ಣ ಹೇಗಿರಬೇಕು?"

ಅವರು ತಮ್ಮ ಸೇಫ್ಟಿ ಜಾಕೆಟ್ ಎಳೆದು ತೋರಿಸಿದರು. "ಹೀಗೆ. ಹಳದಿ."

"ಅರಶಿನ ಎಷ್ಟು?"

"ಗೊತ್ತಿಲ್ಲ. ಅಮ್ಮ ಮಾಡುತ್ತಾರೆ, ನಾನು ತಿನ್ನುತ್ತೇನೆ."

ಸೇಫ್ಟಿ ಜಾಕೆಟಿನ ಬಣ್ಣದ ಸಾರು! ಪಕ್ಕದಲ್ಲಿದ್ದ ವೆಲ್ಡರ್ ಮಕಾಸ್ಸರಿನವನು; ಅವನು ತಲೆಯಾಡಿಸಿ ನಕ್ಕ. ಅವನ ಊರಿನದು ಚೋತೋ. ಹಳದಿಯಲ್ಲ, ಕಂದು. ಲಿವರ್, ಬೋಟಿ ಬೇಯಿಸಿ, ಹುರಿದ ನೆಲಗಡಲೆ ಅರೆದು ಹಾಕಿ, ಅಕ್ಕಿ ತೊಳೆದ ನೀರಿನಲ್ಲಿ ಕುದಿಸಬೇಕು. ಅದನ್ನು ಕೇಳಿ ಕಾಲಿಮಂತಾನಿನ ಬಂಜರ್ ಕಡೆಯ ಫಿಟ್ಟರ್ ಮೂಗು ಮುರಿದ. ಅರಶಿನವೂ ಬೇಡ, ಕಡಲೆಯೂ ಬೇಡ; ಚಕ್ಕೆ, ಲವಂಗ, ಜಾಯಿಕಾಯಿ ಹಾಕಿ ತಿಳಿಯಾಗಿ ಬೇಯಿಸಿದ್ದು ಸೋತೋ, ಉಳಿದದ್ದೆಲ್ಲ ನೀರು ಎಂದ. ಮೂವರೂ ತಮ್ಮ ಭಾಷೆಯಲ್ಲಿ ಜೋರು ಜೋರಾಗಿ ವಾದಿಸತೊಡಗಿದರು. ಮೂವರಲ್ಲಿ ಒಬ್ಬನಾದರೂ ಜನ್ಮದಲ್ಲಿ ಸೌಟು ಹಿಡಿದವನಲ್ಲ. ನಾನು ಪ್ರಶ್ನೆ ಕೇಳಲು ಬಂದವಳು ಜಗಳ ಬಿಡಿಸಿ ಹೊರಟೆ.

ಮ್ಯಾನೇಜರರಿಗೆ ವಿಷಯ ಹೇಳಿದೆ. ಅವರು ಬೆಂಗಳೂರಿನವರು, ಕೆಟ್ಟ ಮನುಷ್ಯರೇನಲ್ಲ, ಆದರೆ ಜಗತ್ತೆಲ್ಲ ಒಂದು ಸ್ಪ್ರೆಡ್‌ಶೀಟಿನೊಳಗೆ ಹಿಡಿಸುತ್ತದೆ ಎಂದು ನಂಬಿದವರು.

"ನೋಡಿ ಮೇಡಂ, ಓವರ್ ಥಿಂಕ್ ಮಾಡ್ಬೇಡಿ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಗೊಳ್ಳಿ. ಒಂದು ಕಾಮನ್ ರೆಸಿಪಿ ಫಿಕ್ಸ್ ಮಾಡಿ, ಲಾಕ್ ಮಾಡ್ಬಿಡಿ. ಇನ್‌ಸ್ಪೆಕ್ಷನ್ ಹತ್ರ ಬಂತು."

ಬೇಡವೆಂದು ಅನಿಸಿದರೂ ಮಾಡಿದೆ. ಅರ್ಧ ಅರಶಿನ, ಸ್ವಲ್ಪ ನೆಲಗಡಲೆ, ಒಂದು ಚೂರು ಚಕ್ಕೆ. ಅದು ಹಳದಿಯೂ ಅಲ್ಲ, ಕಂದೂ ಅಲ್ಲ, ತಿಳಿಯೂ ಅಲ್ಲ. ಆ ದಿನದ ಡಬ್ಬಗಳಷ್ಟು ತುಂಬಿದ ಡಬ್ಬಗಳು ಹಿದ್‌ನಿಂದ ಮತ್ತೆಂದೂ ತಿರುಗಿ ಬರಲಿಲ್ಲ. ಮೊದಲು ಒಂದು ಗುಂಪಾದರೂ ತಿನ್ನುತ್ತಿತ್ತು, ಈಗ ಮೂರು ಊರಿನವರಿಗೂ ಒಟ್ಟಿಗೆ ಅವಮಾನವಾಗಿತ್ತು. ಹೆಡ್ ಕುಕ್ "ಸೋತೋ?" ಎಂದು ಕೇಳಲೂ ಇಲ್ಲ. ಡಬ್ಬ ನೋಡಿ ಒಳಗೆ ಹೋದರು. ಅವರು ಕೇಳದೆ ಇದ್ದದ್ದು ನನಗೆ ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಆ ವಾರವೇ ನಮ್ಮ ಕಡೆಯವರ ಒಂದು ಮದುವೆ ವಾರ್ಷಿಕೋತ್ಸವದ ಊಟಕ್ಕೆ ಹೋಗಿದ್ದೆ. ಎಲ್ಲ ಕಡೆಯ ಕನ್ನಡದವರೂ ಸೇರಿದ್ದರು. ಸಾರು ಬಡಿಸಿದಾಗ ಮೈಸೂರಿನವರು ಬೇಳೆ ಎಲ್ಲಿ ಎಂದರು, ಧಾರವಾಡದವರು ಖಾರ ಎಲ್ಲಿ ಎಂದರು, ನಮ್ಮವರು ತೆಂಗಿನಕಾಯಿ ಎಲ್ಲಿ ಎಂದರು. ಮಾಡಿದವರು ಎಲ್ಲರಿಗೂ ಆಗಲಿ ಎಂದು ಮಾಡಿದ್ದರಂತೆ. ಎಲ್ಲರೂ ಮೊಸರನ್ನಕ್ಕೆ ಜಿಗಿದರು. ಕೈ ತೊಳೆಯುತ್ತ ನಾನು ನಿರ್ಧಾರ ಮಾಡಿದೆ: ಇನ್ನು ಮೇಲೆ ಸರಾಸರಿ ಇಲ್ಲ. ಒಂದು ದಿನ ಒಂದೇ ಊರು, ಆ ಊರು ಪೂರ್ತಿಯಾಗಿ. ಡಬ್ಬದ ಮುಚ್ಚಳದ ಮೇಲೆ ಊರಿನ ಹೆಸರು. ತನ್ನದಲ್ಲದ ದಿನ ಒಬ್ಬ ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಅವನ ದಿನವೂ ಬರುತ್ತದೆ. ಮತ್ತೆ, ಯಾವುದನ್ನೂ ನಾವು ಬೆರೆಸುವುದಿಲ್ಲ. ರಸ, ಕೋಳಿ, ಶಾವಿಗೆ, ಮೊಳಕೆ ಕಾಳು, ನಿಂಬೆ ಎಲ್ಲ ಬೇರೆ ಬೇರೆ ಹೋಗುತ್ತವೆ, ಅವರವರ ಬಟ್ಟಲಿನಲ್ಲಿ ಅವರವರೇ ಕೂಡಿಸಿಕೊಳ್ಳುತ್ತಾರೆ.

ಉಳಿದದ್ದು ಹೆಡ್ ಕುಕ್. ಅವರನ್ನು ಒಪ್ಪಿಸದೆ ಯಾವ ನಿರ್ಧಾರವೂ ಒಲೆಯ ಮೇಲೆ ಬೇಯುವುದಿಲ್ಲ. ಲಮೊಂಗಾನಿನ ಸೋತೋ ಮೇಲೆ ಕೋಯಾ ಎಂಬ ಪುಡಿ ಉದುರಿಸುತ್ತಾರೆ. ಫೋರ್‌ಮನ್‌ಗೆ ಅಡುಗೆಯಲ್ಲಿ ಗೊತ್ತಿದ್ದ ಒಂದೇ ಸಂಗತಿ ಅದು: ಸಿಗಡಿಯ ಹಪ್ಪಳ ಕರಿದು, ಬೆಳ್ಳುಳ್ಳಿ ಕೆಂಪಗೆ ಹುರಿದು, ಎರಡನ್ನೂ ಕೂಡಿಸಿ ಕುಟ್ಟಬೇಕು. ನಾನೇ ಕುಟ್ಟಿದೆ. ಕಲ್ಲಿನ ಸದ್ದಿಗೂ ಪರಿಮಳಕ್ಕೂ ಅವರು ಹಿಂದಿನ ಬಾಗಿಲಿನಿಂದ ಒಳಗೆ ಬಂದರು.

"ಎಂತ ಅದ್? ಒಣ ಚಟ್ಲಿ ಚಟ್ನಿಯಾ?" ಎಂದರು. ಚಟ್ಲಿ ಎಂದರೆ ಅವರ ಕಡೆ ಸಿಗಡಿ.

"ಅಲ್ಲ ಅಣ್ಣಾ. ಇದು ಅವರ ಒಗ್ಗರಣೆ."

ಬೊಗಸೆಗೆ ಹಾಕಿಕೊಂಡು ಮೂಸಿದರು. "ಎಣ್ಣಿ ಎಲ್ಲ್?"

"ಇಲ್ಲ. ಒಣ ಒಗ್ಗರಣೆ. ಒಲೆಯ ಮೇಲೆ ನಾವು ಹಾಕುದಲ್ಲ. ಕಡೆಗೆ ಉಣ್ಣುವವರೇ ಬಟ್ಟಲಿಗೆ ಹಾಕಿಕೊಳ್ಳುದು, ಯಾರಿಗೆ ಎಷ್ಟು ಬೇಕೋ ಅಷ್ಟು."

ಅವರು ಪುಡಿಯನ್ನು ನಾಲಿಗೆಗೆ ಹಾಕಿ ಬಹಳ ಹೊತ್ತು ಚಪ್ಪರಿಸಿದರು. "ಹಂಗಾರ್ ಅವ್ರಿಗೂ ಇತ್ತ್ ಅನ್ನಿ. ಇದನ್ ಹೇಳುದ್ ಬಿಟ್ಟ್ ನೀವ್ ಕೂಗಾಡುಕ್ ಹೋದ್ರಿ," ಎಂದು ನನ್ನ ಕೈಯಿಂದ ಕುಟ್ಟಾಣಿ ಕಿತ್ತುಕೊಂಡರು. ನಾನು ಕುಟ್ಟಿದ್ದು ದೊರಗು ಎಂದು ಗೊಣಗುತ್ತ ಮತ್ತೆ ಮೊದಲಿನಿಂದ ಕುಟ್ಟಿದರು. ಮಕಾಸ್ಸರಿನ ಚೋತೋಗೆ ಅಕ್ಕಿ ತೊಳೆದ ನೀರು ಬೇಕು ಎಂದಾಗ ಮಾತ್ರ, "ಅಕ್ಕಚ್ಚಾ? ಅದ್ ದನಕ್ಕ್ ಕೊಡುದ್ ಮಾರಾಯ್ರೆ!" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಅದನ್ನು ನಾನೇ ಮಾಡುವುದೆಂದು ಒಪ್ಪಂದವಾಯಿತು.

ಇನ್‌ಸ್ಪೆಕ್ಷನ್ ದಿನಕ್ಕೆ ಲಮೊಂಗಾನಿನ ಸೋತೋ ಆರಿಸಿದೆ. ಮ್ಯಾನೇಜರರಿಗೆ ಕಾಮನ್ ರೆಸಿಪಿ ಕೈಬಿಟ್ಟಿದ್ದೇನೆಂದು ಒಂದು ಮೆಸೇಜು ಹಾಕಿ, ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿನೊಳಗೆ ಹಾಕಿದೆ. ಡಬ್ಬಗಳ ಜೊತೆ ವ್ಯಾನಿನಲ್ಲಿ ನಾನೂ ಕೂತೆ. ಎಲ್ಲ ಸರಿಯಾಗಿತ್ತು. ಎಲ್ಲ ಸರಿಯಾಗಿದ್ದಾಗಲೇ ನನಗೆ ಭಯ ಹೆಚ್ಚು.

ಯಾರ್ಡಿನ ಗೇಟಿನಲ್ಲಿ ಸೆಕ್ಯುರಿಟಿಯವನು ಡಬ್ಬಗಳನ್ನು ನೋಡಿ ಬಿಟ್ಟ. ಕೋಯಾದ ಟಿನ್ ತೆರೆದವನು ನಿಂತುಬಿಟ್ಟ. "ಯೇ ಕ್ಯಾ ಪೌಡರ್ ಹೈ?"

ಟಿನ್ನಿನ ಮೇಲೆ ಹೆಸರಿಲ್ಲ, ಚೀಟಿಯಿಲ್ಲ, ಒಳಗೆ ಮಾಸಲು ಹಳದಿ ಪುಡಿ. ಅದಕ್ಕೆ ಹೆಸರು ಬರೆಯುವುದು ನನಗೆ ಹೊಳೆದೇ ಇರಲಿಲ್ಲ, ಒಗ್ಗರಣೆಗೆ ಯಾರಾದರೂ ಲೇಬಲ್ ಹಚ್ಚುತ್ತಾರೆಯೇ? ತಿನ್ನುವ ವಸ್ತು ಎಂದೆ. ಮೇಲಿನವರನ್ನು ಕೇಳಬೇಕು ಎಂದ. ಬಿಸಿಲಿಗೆ ವ್ಯಾನಿನ ತಗಡು ಸುಡುತ್ತಿತ್ತು, ಡಬ್ಬದೊಳಗಿನ ರಸ ಮಾತ್ರ ಆರುತ್ತಿತ್ತು. ಥರ್ಮಾಮೀಟರ್ ಚುಚ್ಚಿ ನೋಡಿದಾಗಲೆಲ್ಲ ಮುಳ್ಳು ಕೆಳಗಿಳಿಯುತ್ತಿತ್ತು. ಅಧಿಕಾರಿ ಆಗಲೇ ಮೆಸ್ಸಿಗೆ ಬಂದು ಕೂತಿದ್ದಾರೆಂದು ಡ್ರೈವರ್ ಯಾರಿಗೋ ಫೋನ್ ಮಾಡಿ ತಿಳಿದುಕೊಂಡ. ಒಬ್ಬ ಮನುಷ್ಯನ ಬದುಕು ಸಿಗಡಿ ಹಪ್ಪಳದ ಪುಡಿಗಾಗಿ ಗೇಟಿನಲ್ಲಿ ನಿಂತಿದೆ ಎಂದು ನೆನೆದು ನನಗೆ ಅಳುವೇ ಬಂತು. ನಾನು ಮುಷ್ಟಿ ತುಂಬ ಪುಡಿ ತೆಗೆದು ಅವನ ಎದುರಿಗೇ ಬಾಯಿಗೆ ಸುರಿದುಕೊಂಡೆ. ಗಂಟಲಿಗೆ ಹತ್ತಿ ಕೆಮ್ಮು ಬಂತು. ಅವನಿಗೆ ಅನುಮಾನ ಇನ್ನೂ ಹೆಚ್ಚಾಯಿತು.

ಕಡೆಗೆ ಬಂದವರು ಫೋರ್‌ಮನ್. ದೂರದಿಂದಲೇ ಟಿನ್ ನೋಡಿ "ಕೋಯಾ!" ಎಂದು ಕೂಗಿದರು. ಬೆರಳು ಅದ್ದಿ ನೆಕ್ಕಿದರು, ಸೆಕ್ಯುರಿಟಿಯವನಿಗೂ ಒಂದು ಚಿಟಿಕೆ ಕೊಟ್ಟರು. ಅವನು ನೆಕ್ಕಿ, "ಚಿಪ್ಸ್ ಹೈ ಕ್ಯಾ?" ಎಂದು ಕೇಳಿ ಗೇಟು ತೆಗೆದ.

ಮೆಸ್ಸಿನಲ್ಲಿ ರಸವನ್ನು ಮತ್ತೆ ಕುದಿಸಬೇಕಾಯಿತು. ಅಧಿಕಾರಿ ಗಡಿಯಾರ ನೋಡುತ್ತಿದ್ದರು. "ಸೂಪ್ ಎಲ್ಲಿ?" ಎಂದರು. ನಾನು ತಿದ್ದಲಿಲ್ಲ. ಸಾಲು ಬಾಗಿಲಿನಾಚೆ ಬೆಳೆದಿತ್ತು. ಬೇರೆ ಬೇರೆ ಇಟ್ಟರೆ ಒಬ್ಬೊಬ್ಬನೂ ಕೂಡಿಸಿಕೊಳ್ಳುತ್ತ ಹೊತ್ತಾಗುತ್ತದೆ ಎಂದು ನನಗೆ ಮೊದಲಿನಿಂದಲೂ ಅಳುಕಿತ್ತು. ಆದರೆ ಆ ಕೈಗಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಅನ್ನ, ಶಾವಿಗೆ, ಮೊಳಕೆ, ಕೋಳಿ, ಮೇಲೆ ಕುದಿಯುವ ರಸ, ನಿಂಬೆ ಹಿಂಡಿ, ಕೋಯಾ ಸುರಿದು ಮುಂದೆ ಹೋದರು. ಸಾಲು ಕರಗಿದ್ದು ನನಗೇ ತಿಳಿಯಲಿಲ್ಲ. ಬಟ್ಟಲು ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತವರು ಅಧಿಕಾರಿ ಒಬ್ಬರೇ. ಫೋರ್‌ಮನ್ ಅವರ ಬಟ್ಟಲನ್ನು ಕಸಿದುಕೊಂಡಂತೆ ತೆಗೆದುಕೊಂಡು, ತಮ್ಮ ಮನೆಯ ಮದುವೆಯೇನೋ ಎಂಬಂತೆ ತುಂಬಿಸಿ ಕೊಟ್ಟರು. ಮಕಾಸ್ಸರಿನ ವೆಲ್ಡರ್ ಮಾತ್ರ ಮುಖ ಗಂಟಿಕ್ಕಿಕೊಂಡು ತಿಂದ. ಚೋತೋ ನಾಳೆ ಎಂದೆ. ಅನುಮಾನದಿಂದ ನನ್ನನ್ನು ನೋಡಿ ಇನ್ನೊಂದು ಬಟ್ಟಲಿಗೆ ಎದ್ದ.

ಅಧಿಕಾರಿ ಉಂಡು, ಬಾಯಿ ಒರೆಸಿಕೊಂಡು, ನಮ್ಮ ಕಾಗದಕ್ಕೆ ಅಲ್ಲೇ ಸಹಿ ಹಾಕಿದರು.

ಟುಬ್ಲಿಯಲ್ಲಿ ವ್ಯಾನ್ ನಿಂತಾಗ ಹೆಡ್ ಕುಕ್ ಬಾಗಿಲಿನಲ್ಲೇ ನಿಂತಿದ್ದರು. ನಾನು ಇಳಿದು ಈಚೆಗೆ ಬರುವುದರೊಳಗೆ ಅವರು ಡ್ರೈವರನನ್ನು ಕೇಳಿಬಿಟ್ಟಿದ್ದರು. "ಸೋತೋ?"

"ಖಲಾಸ್ ಅಣ್ಣಾ," ಎಂದ ಡ್ರೈವರ್. "ಪೂರಾ ಖಲಾಸ್."

ಈ ಊರಿನಲ್ಲಿ ಕೆಲಸ ಮುಗಿದರೂ ಖಲಾಸ್, ಕೆಲಸ ಹೋದರೂ ಖಲಾಸ್. ಅವರು ಪಕ್ಕದಲ್ಲಿದ್ದ ಈರುಳ್ಳಿ ಚೀಲದ ಮೇಲೆ ಮೆಲ್ಲನೆ ಕೂತರು. ಮುಖದ ಮೇಲೆ ಏನೂ ಇರಲಿಲ್ಲ. "ಆಯ್ತ್," ಎಂದರು. "ಆಯ್ತ್ ಬಿಡಿ." ಅಷ್ಟರಲ್ಲಿ ಡ್ರೈವರ್ ವ್ಯಾನಿನ ಹಿಂದಿನಿಂದ ಡಬ್ಬ ತಂದ. ಒಂದೇ ಕೈಯಲ್ಲಿ, ತೂಗಾಡಿಸಿಕೊಂಡು, ಎರಡು ಡಬ್ಬಗಳನ್ನು ಒಂದರೊಳಗೊಂದು ಸೇರಿಸಿ. ಅವರು ಅದನ್ನೇ ನೋಡುತ್ತ ಕೂತರು. ಆಮೇಲೆ ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡರು. ಈರುಳ್ಳಿ, ಎಂದರು.

ವೀಸಾ ಬಂತು. ಮರುದಿನ ಮಕಾಸ್ಸರ್, ಅದರ ಮರುದಿನ ಬಂಜರ್. ಎಲ್ಲ ಡಬ್ಬಗಳೂ ಹಗುರವಾಗಿಯೇ ಬಂದವು. ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಮ್ಯಾನೇಜರ್ ಫೋನ್ ಮಾಡಿದರು.

"ಸೂಪರ್ ಮೇಡಂ! ಆ ಸೂಪ್ ಇದ್ಯಲ್ಲ, ಅದನ್ನ ಸಿತ್ರಾ ಕ್ಯಾಂಪಿಗೂ ಸ್ಟ್ಯಾಂಡರ್ಡ್ ಮಾಡ್ಬಿಡೋಣ. ಸೇಮ್ ರೆಸಿಪಿ."

"ಸರ್, ಸಿತ್ರಾದಲ್ಲಿರುವುದು ನಮ್ಮವರು. ಉಡುಪಿ, ಕಾರ್ಕಳದವರು. ಅವರಿಗೆ ಯಾಕೆ ಸೋತೋ?"

"ಹಿದ್‌ನಲ್ಲಿ ಸಕ್ಸೆಸ್ ಆಗಿದ್ಯಲ್ಲ ಮೇಡಂ. ಡಿಫರೆನ್ಸ್ ಏನಿದೆ?"

ಡಿಫರೆನ್ಸ್ ಹೇಳಲು ನಾನು ಶುರು ಮಾಡಿದೆ. ಗುಳಿಯಿಂದ ಶುರು ಮಾಡಿ ಸಾಸಿವೆಯವರೆಗೆ ಬಂದಿದ್ದೆ, ಅವರಿಗೆ ಇನ್ನೊಂದು ಮೀಟಿಂಗ್ ಇತ್ತು. ಆಜ್ಞೆ ಆಜ್ಞೆಯೇ. ಕಳಿಸಿದೆವು.

ಆ ಮಧ್ಯಾಹ್ನ ಸಿತ್ರಾದ ಡಬ್ಬ ಇಳಿಸಲು ಡ್ರೈವರನಿಗೆ ಎರಡೂ ಕೈ ಬೇಕಾದವು. ಹೆಡ್ ಕುಕ್ ಮುಚ್ಚಳ ತೆರೆದು ಇಣುಕಿದರು. ಸೇಫ್ಟಿ ಜಾಕೆಟಿನ ಬಣ್ಣದ ರಸ, ಒಂದು ಸೌಟೂ ಕಡಿಮೆಯಾಗಿರಲಿಲ್ಲ.

"ಬಾಯಮ್ಮ," ಎಂದರು, "ಈ ಸಲ ಸೋತದ್ ನಾವಲ್ಲ."

ನಾನು ನಗಲಿಲ್ಲ, ನಗುವಷ್ಟು ತಾಳ್ಮೆ ಉಳಿದಿರಲಿಲ್ಲ. ಸಿತ್ರಾಕ್ಕೆ ಇನ್ನು ಸೋತೋ ಇಲ್ಲ ಎಂದು ಮ್ಯಾನೇಜರರಿಗೆ ಮತ್ತೆ ಒಂದು ಮೆಸೇಜು ಹಾಕಿ, ಫೋನನ್ನು ಬ್ಯಾಗಿನೊಳಗೆ ಹಾಕಿದೆ.

"ನಾಳೆ ಆ ಕ್ಯಾಂಪಿಗೆ ಸಾರ್ ಮಾಡ್ಲಾ? ನಮ್ದ್?" ಎಂದು ಅವರು ಕೇಳಿದರು.

"ಮಾಡಿ."

ಅವರು ಸಾಸಿವೆ ಡಬ್ಬದ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಒಗ್ಗರಣಿ?"

"ಹಾಕಿ ಅಣ್ಣಾ," ಎಂದೆ. "ಧಾರಾಳ ಹಾಕಿ."